ಬಡಿಸಿದವಳ ಊಟ

ಹೋಟೆಲಿನಲ್ಲಿ ಉಂಡು ಏಳುವಾಗ ನನ್ನ ಕೈ ಇವತ್ತಿಗೂ ತಟ್ಟೆಯ ಕಡೆ ಹೋಗುತ್ತದೆ. ಅದನ್ನು ಎತ್ತಿಕೊಂಡು ಒಳಗೆ ತೊಳೆಯಲು ಹಾಕಬೇಕು ಎನ್ನುವುದು ಕೈಯ ಅಭಿಪ್ರಾಯ. ಸುಮ್ಮನಿರು, ಅದಕ್ಕೆ ಬೇರೆಯವರಿದ್ದಾರೆ ಎನ್ನುವುದು ತಲೆಯ ಅಭಿಪ್ರಾಯ. ಇವೆರಡರ ಜಗಳ ಮುಗಿಯುವ ತನಕ ನಾನು ಅರ್ಧ ಎದ್ದು, ಅರ್ಧ ಕೂತು, ಬೆಂಚಿಗೆ ಸೀರೆ ಸಿಕ್ಕಿಸಿಕೊಂಡವಳ ಹಾಗೆ ನಿಂತಿರುತ್ತೇನೆ. ಇಂಥವಳನ್ನು ನಿಮ್ಮಪ್ಪ ಹಡಗಿನ ಹೋಟೆಲಿಗೆ ಕರೆದುಕೊಂಡು ಹೋದರು. ಅಲ್ಲಿ ಏನಾಯಿತು ಎಂದು ನೀವಿಬ್ಬರೂ ಎಷ್ಟು ಕೇಳಿದರೂ ನಾನು ಹೇಳಿರಲಿಲ್ಲ. ನಿಮ್ಮಮ್ಮ ನಗುತ್ತಾಳೆ, ನಿಮ್ಮಪ್ಪ ಟಿವಿ ಹಾಕುತ್ತಾರೆ, ನಾನು ಅಡುಗೆಮನೆಗೆ ಹೋಗುತ್ತೇನೆ. ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲವಾದ್ದರಿಂದ ಅಷ್ಟು ಕಷ್ಟವಿಲ್ಲ. ಧನು, ಮಾನಿ, ಅಜ್ಜಿ ಬರೆದದ್ದನ್ನು ಓದಿ ನಕ್ಕರೆ ಬೇರೆ ಕೋಣೆಯಲ್ಲಿ ನಗಿ.

ಹಡಗಿಗೆ ಹೋಗಬೇಕಾಗಿದ್ದವರು ನೀವು. ಪಾಳ್ಯದ ನಿಮ್ಮಪ್ಪನ ಗೊಬ್ಬರದ ಅಂಗಡಿಯಲ್ಲಿ ಆ ವರ್ಷ ವ್ಯಾಪಾರ ಚೆನ್ನಾಗಿ ಆಯಿತೆಂದು ಗೊಬ್ಬರದ ಕಂಪನಿಯವರು ಇನಾಮು ಕೊಟ್ಟರು. ಅಂಗಡಿಯವರನ್ನೆಲ್ಲ ಮನೆಮಂದಿಯ ಸಮೇತ ಮುಂಬಯಿಗೆ ಕರೆಸಿ, ಹಡಗು ಹತ್ತಿಸಿ, ಸಮುದ್ರ ತೋರಿಸಿ ವಾಪಸು ಬಿಡುವುದು. ನಿಮಗೆ ಪರೀಕ್ಷೆ ಬಂತು. ನೀವು ದೊಡ್ಡಪ್ಪನ ಮನೆಯಲ್ಲಿ ಓದುತ್ತ ಉಳಿದಿರಿ, ನಿಮ್ಮ ಜಾಗಕ್ಕೆ ನಾನು ಬಂದೆ. ಯೂರಿಯಾ ಮೂಟೆಯ ಪುಣ್ಯದಿಂದ ಸಮುದ್ರ ನೋಡಿದವಳು ನಮ್ಮ ವಂಶದಲ್ಲಿ ನಾನೊಬ್ಬಳೇ.

ಅದುವರೆಗೆ ನನಗೆ ನೀರು ಎಂದರೆ ಕೆರೆ, ಗದ್ದೆ, ಮಳೆಗಾಲದ ಹೇಮಾವತಿ. ಎಲ್ಲದಕ್ಕೂ ಆಚೆ ದಡ ಇತ್ತು. ಹಡಗಿನ ಮೇಲೆ ನಿಂತು ನೋಡಿದರೆ ಆಚೆ ದಡವೇ ಇಲ್ಲ. ದೇವರು ಕೆಲಸ ಅರ್ಧಕ್ಕೆ ಬಿಟ್ಟು ಊಟಕ್ಕೆ ಹೋದ ಹಾಗಿತ್ತು. ಕಂಬಿ ಹಿಡಿದುಕೊಂಡು ಎಷ್ಟು ಹೊತ್ತು ನಿಂತೆನೋ ತಿಳಿಯದು. ಸಂಜೆಯ ಬೆಳಕು ನೀರಿನ ಮೇಲೆ ಬಿದ್ದಾಗ, ಕಣದಲ್ಲಿ ಹರಡಿದ ಭತ್ತವನ್ನು ಯಾರೋ ಕಾಲಲ್ಲಿ ಗೆರೆ ಎಳೆಯುತ್ತ ಕೆದಕುತ್ತಿರುವಂತೆ ಕಂಡಿತು. ಮುಗಿಯದ ಕಣ. ಕೈ ಮುಗಿಯಬೇಕೆನ್ನಿಸಿತು, ಸುತ್ತ ಜನ ಇದ್ದರಾದ್ದರಿಂದ ಸೆರಗಿನೊಳಗೇ ಮುಗಿದೆ.

ಹಡಗನ್ನೂ ಹೇಳಬೇಕು. ನಮ್ಮ ಪಾಳ್ಯದ ಸಂತೆ, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿ, ಬಿಳಿ ಬಣ್ಣ ಬಳಿದು ನೀರಿಗೆ ಬಿಟ್ಟರೆ ಎಷ್ಟಾಗುತ್ತದೋ ಅಷ್ಟು. ಅಷ್ಟು ಭಾರ ಮುಳುಗದೆ ನಿಂತಿರುವುದೇ ನನಗೆ ದಿನವಿಡೀ ಯೋಚನೆ. ನಾನಂತೂ ಮೊದಲ ದಿನ ಹೆಜ್ಜೆಯನ್ನೂ ಮೆಲ್ಲಗೆ ಇಟ್ಟೆ.

ಊಟದ ಕೋಣೆಯಂತೂ ಕೇಳಬೇಡಿ. ಅನ್ನದ ಬಗೆ, ರೊಟ್ಟಿಯ ಬಗೆ, ಹಣ್ಣಿನ ಗುಡ್ಡ. ಎಷ್ಟು ಬೇಕಾದರೂ ತಿನ್ನಬಹುದು, ಯಾರೂ ಕೇಳುವುದಿಲ್ಲ, ಎಲ್ಲವೂ ಕಂಪನಿಯ ಲೆಕ್ಕ. ಹೀಗಿರುವಾಗ ಎರಡನೆಯ ದಿನ ನಿಮ್ಮಪ್ಪ, “ಅತ್ತೆ, ಇವತ್ತು ಸಂಜೆ ಮ್ಯಾಲಿನ ಹೋಟ್ಲಿಗೆ ಹೋಗಣ. ಅದಕ್ಕೆ ಬೇರೆ ದುಡ್ಡು ಕೊಡ್ಬೇಕು, ನಾನು ಕೊಡ್ತೀನಿ. ನೀವು ಒಂದ್ಸಲ ನೋಡ್ಬೇಕು” ಎಂದರು. ನಿಮ್ಮಪ್ಪನಿಗೆ ನಾನು ಎದುರು ಮಾತಾಡುವವಳಲ್ಲ. ನಿಮ್ಮಮ್ಮನನ್ನು ಪಕ್ಕಕ್ಕೆ ಎಳೆದು ಕೇಳಿದೆ.

“ಇಲ್ಲಿ ಬಿಟ್ಟಿ ಊಟ ರಾಶಿ ಬಿದ್ದೈತೆ. ಮತ್ತೆ ದುಡ್ ಕೊಟ್ಟು ಉಣ್ಣದು ಯಾಕೆ ಸವಿತಾ?”

“ಇಲ್ಲಿ ನಾವೇ ಹಾಕ್ಕಂಡು ತಿನ್ಬೇಕು. ಅಲ್ಲಾದ್ರೆ ಕೂರ್ಸಿ ಬಡಿಸ್ತಾರೆ ಕಣವ್ವ.”

ಹಾಗಾದರೆ ಊಟ ಬಿಟ್ಟಿ, ಬಡಿಸುವುದಕ್ಕೆ ದುಡ್ಡು! ನನಗೆ ನಗು ಬಂತು. ಹೆಗ್ಗದ್ದೆಯ ಮನೆಗೆ ಸೊಸೆಯಾಗಿ ಹೋದಂದಿನಿಂದ ನಾನು ಬಡಿಸಿದ್ದಕ್ಕೆಲ್ಲ ಯಾರಾದರೂ ಹೀಗೆ ಬೆಲೆ ಕಟ್ಟಿದ್ದರೆ ಈ ಹಡಗನ್ನೇ ಕೊಳ್ಳಬಹುದಿತ್ತೇನೋ. ಆದರೆ ನಗುವಿನ ಹಿಂದೆಯೇ ಒಂದು ಬೆರಗೂ ಬಂತು. ಬಡಿಸುವುದು ಒಂದು ದೊಡ್ಡ ಕೆಲಸವೆಂದು, ಅದಕ್ಕೆ ಬೇರೆಯೇ ಬೆಲೆ ಇದೆಯೆಂದು ತಿಳಿದ ಜನ ಭೂಮಿಯ ಮೇಲೆ ಇಲ್ಲದಿದ್ದರೂ ನೀರಿನ ಮೇಲಾದರೂ ಇದ್ದಾರಲ್ಲ!

ಸಂಜೆ ಹೋದೆವು. ನಿಮ್ಮಪ್ಪ, ನಿಮ್ಮಮ್ಮ, ನಾನು. ದೋಣಿಗಲ್‌ನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಪುಟ್ಟಸ್ವಾಮಣ್ಣನೂ ಜೊತೆಗೆ ಬಂದ. ಅವನ ಬಾಯಿ ನಿಮಗೆ ಗೊತ್ತಲ್ಲ, ಘಾಟಿಯಲ್ಲಿ ಲಾರಿ ಕೆಟ್ಟು ನಿಂತರೂ ಅದರ ಜೊತೆ ಮಾತಾಡುವವನು. ಮೇಜಿನ ಮೇಲೆ ಬಿಳಿ ಬಟ್ಟೆಗಳನ್ನು ತಾವರೆ ಮೊಗ್ಗಿನ ಹಾಗೆ ಮಡಿಸಿ ನಿಲ್ಲಿಸಿದ್ದರು. ಅದನ್ನು ಮುಟ್ಟಬಹುದೋ ಇಲ್ಲವೋ ತಿಳಿಯದೆ ಕೈ ಕಟ್ಟಿ ಕೂತೆ. ಬಡಿಸುವ ಹುಡುಗಿ ಬಂದಳು. ಹುಡುಗಿ ಎಂದರೆ ಚಿಕ್ಕವಳೇನಲ್ಲ, ನಿಮ್ಮಮ್ಮನಿಗಿಂತ ಸ್ವಲ್ಪ ಕಿರಿಯಳಿರಬಹುದು. ನನ್ನ ಎದುರಿನ ಮೊಗ್ಗನ್ನು ಎತ್ತಿ, ಒಂದೇ ಸಲ ಕೊಡವಿ, ಬಗ್ಗಿ, ನನ್ನ ಮಡಿಲ ಮೇಲೆ ಹಾಸಿದಳು.

ನನಗೆ ಮೈ ಜುಂ ಎಂದಿತು. ನಿಮ್ಮ ತಾತ ಹೋದ ಮೇಲೆ ನನ್ನ ಮಡಿಲಿಗೆ ಯಾರೂ ಏನೂ ಹಾಕಿರಲಿಲ್ಲ. ಅಕ್ಕಿ, ಕಾಯಿ, ಎಲೆಯಡಿಕೆ ಹಾಕಿ ಮಡಿಲು ತುಂಬುವುದೆಲ್ಲ ಮುತ್ತೈದೆಯರಿಗೆ. ನಮ್ಮ ಕಡೆ ಅದು ರೂಢಿ, ನಾನೂ ಅದನ್ನು ದೊಡ್ಡದಾಗಿ ಮನಸ್ಸಿಗೆ ಹಚ್ಚಿಕೊಂಡವಳಲ್ಲ. ಆದರೂ ಆ ಬಿಳಿ ಬಟ್ಟೆ ಮಡಿಲಿಗೆ ಬಿದ್ದಾಗ ಒಂದು ಗಳಿಗೆ ತಲೆ ಎತ್ತಲಿಲ್ಲ. ಅದು ಸಾರು ಚೆಲ್ಲಿದರೆ ಸೀರೆ ಕೆಡದಿರಲೆಂದು ಹಾಕುವ ಬಟ್ಟೆ ಎಂದು ನಿಮ್ಮಮ್ಮ ಆಮೇಲೆ ಹೇಳಿದಳು. ಇರಲಿ. ಸೀರೆ ಕೆಡದಿರಲಿ ಎಂದು ಒಬ್ಬರು ಬಯಸುವುದೂ ಕಡಿಮೆಯೇನಲ್ಲ.

ಹುಡುಗಿಯ ಎದೆಯ ಮೇಲೆ ಹೆಸರಿನ ಪಟ್ಟಿ ಇತ್ತು. ನಿಮ್ಮಮ್ಮ ಓದಿ, ಹಿಂದಿಯಲ್ಲಿ ಮಾತಾಡಿಸಿ, “ರೂಪಾಲಿ ಅಂತೆ, ಅಸ್ಸಾಮಿನೋಳಂತೆ” ಎಂದಳು. ನನಗೆ ನೆಂಟರು ಸಿಕ್ಕಿದಷ್ಟು ಖುಷಿಯಾಯಿತು. ಈಗ ಹೆಗ್ಗದ್ದೆಯ ತೋಟಕ್ಕೆ ಕಾಫಿ ಕುಯ್ಯಲು ಬರುವವರು ಅಸ್ಸಾಮಿನವರೇ ಅಲ್ಲವೇ? ಅವರಿಂದ ನಾನು ನಾಲ್ಕಾರು ಹಿಂದಿ ಮಾತು ಕಲಿತಿದ್ದೇನೆ. ನೀರು ಬೇಕಾ, ಮೆಲ್ಲಗೆ, ನಾಳೆ ರಜಾ, ಊಟ ಆಯಿತಾ. ಕಾಫಿ ಕುಯ್ಯಿಸಲು ಇಷ್ಟು ಹಿಂದಿ ಸಾಕು. ಬದುಕಲೂ ಹೆಚ್ಚುಕಡಿಮೆ ಸಾಕು.

ಆಮೇಲೆ ಊಟ. ಅದನ್ನು ಊಟ ಎನ್ನಲೋ ಪೂಜೆ ಎನ್ನಲೋ. ಒಂದೊಂದೇ ತಟ್ಟೆ, ಒಂದೊಂದರಲ್ಲೂ ನಡುವೆ ಒಂದಿಷ್ಟೇ ಇಷ್ಟು, ಸುತ್ತ ಹಸಿರು ರಸದ ಚುಕ್ಕಿ. ರಂಗೋಲಿಯನ್ನು ಅಳಿಸಿ ತಿನ್ನಲು ನನಗೆ ಧೈರ್ಯ ಬರಲಿಲ್ಲ. ಪುಟ್ಟಸ್ವಾಮಣ್ಣ ತನ್ನ ತಟ್ಟೆ ನೋಡಿ, “ಇದೇನ್ ಮಾರಾಯ, ಔಷಧಿ ಸ್ಯಾಂಪಲ್ ಕೊಟ್ಟವ್ರೆ. ಇದು ಹಿಡಿದ್ರೆ ಆಮೇಲೆ ಮೂಟೆ ಕೊಡ್ತಾರೇನೋ” ಎಂದ. ಮೂಟೆ ಬರಲಿಲ್ಲ, ಇನ್ನೊಂದು ತಟ್ಟೆ ಬಂತು. ಪ್ರತಿಸಲವೂ ರೂಪಾಲಿ ಹಳೆಯ ತಟ್ಟೆ ತೆಗೆದು ಹೊಸದು ಇಡುವಳು. ಅಷ್ಟನ್ನೂ ತೊಳೆಯುವವರನ್ನು ನೆನೆದು ನಾನು ತಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, “ಇದೇ ಸಾಕು ಕಣಮ್ಮ, ಇದರಲ್ಲೇ ಹಾಕು” ಎಂದೆ. ಅವಳು ನಕ್ಕು, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತಟ್ಟೆ ತೆಗೆದುಕೊಂಡಳು.

ಅವಳು ಬಡಿಸುವ ರೀತಿಯನ್ನೇ ನಾನು ನೋಡುತ್ತಿದ್ದೆ. ಬರುವುದು ಕೇಳಿಸದು, ಹೋಗುವುದು ಕಾಣಿಸದು. ನನಗೆ ಆ ಮುಳ್ಳುಚಮಚ ಒಗ್ಗುತ್ತಿಲ್ಲವೆಂದು ನಾನು ಹೇಳದಿದ್ದರೂ ತಿಳಿದು, ಯಾರಿಗೂ ಕಾಣದಂತೆ ನಮ್ಮ ಕಡೆಯ ಚಮಚವೊಂದನ್ನು ನನ್ನ ಬಲಗೈ ಹತ್ತಿರ ಇಟ್ಟಿದ್ದಳು. ಇಷ್ಟು ನಯವಾಗಿ ನನಗೆ ಯಾರೂ ಬಡಿಸಿರಲಿಲ್ಲ. ನಾನೂ ಯಾರಿಗೂ ಬಡಿಸಿರಲಿಲ್ಲ, ಅದೂ ನಿಜ.

ಕೊನೆಗೆ ಕಪ್ಪು ರಟ್ಟಿನ ಮಡಿಕೆಯೊಳಗೆ ಬಿಲ್ಲು ಬಂತು. ಬಿಲ್ಲು ಇಟ್ಟ ರೂಪಾಲಿ ದೂರ ಹೋಗಿ ಬೇರೆ ಕಡೆ ಮುಖ ಮಾಡಿ ನಿಂತಳು. ಇಲ್ಲಿ ನಮ್ಮವರ ನಡುವೆ ಪಂಚಾಯಿತಿ ಶುರುವಾಯಿತು. ಬಿಲ್ಲಿನಲ್ಲಿ ಬಡಿಸಿದ್ದರ ಹಣವನ್ನೂ ಸೇರಿಸಿಬಿಟ್ಟಿದ್ದರು. ಅದರ ಕೆಳಗೆ ಒಂದು ಖಾಲಿ ಗೆರೆ ಬೇರೆ ಇತ್ತು. ಇನ್ನೂ ಏನಾದರೂ ಮೇಲೆ ಕೊಡುವ ಮನಸ್ಸಿದ್ದರೆ ಅಲ್ಲಿ ಬರೆಯಬೇಕಂತೆ.

“ಸೇರ್ಸವ್ರಲ್ಲ, ಮತ್ಯಾಕೆ ಬರೆಯೋದು?” ಎಂದರು ನಿಮ್ಮಪ್ಪ.

“ಅದು ಕಂಪನಿಗೆ ಹೋಗ್ತದೋ ಆ ಹುಡುಗಿಗೆ ಹೋಗ್ತದೋ ಯಾರಿಗ್ಗೊತ್ತು? ಏನಾದ್ರೂ ಬರೀರಿ ಅತ್ಲಾಗೆ” ಎಂದಳು ನಿಮ್ಮಮ್ಮ.

“ಎಷ್ಟ್ ಬರೀಲಿ? ಕಡಿಮೆ ಬರೆದ್ರೆ ಅವಮಾನ, ಜಾಸ್ತಿ ಬರೆದ್ರೆ ದಡ್ಡ ಅಂತಾರೆ.”

ಪುಟ್ಟಸ್ವಾಮಣ್ಣ ಬಾಯಿ ಹಾಕಿದ. “ಅಲ್ಲ ಕಣ್ರೀ, ಇಷ್ಟ್ ವರ್ಷದಿಂದ ಗೊಬ್ಬರ ಮಾರ್ತಾ ಇದೀವಿ. ಪುಟ್ಟಸ್ವಾಮಿ, ಮೂಟೆ ಚೆಂದಾಗಿ ಎತ್ತಿ ಕೊಟ್ಟೆ, ತಗಾ ಮ್ಯಾಲೆ ಖುಷಿಗೆ ಅಂತ ಯಾರಾದ್ರೂ ಕೊಟ್ಟವ್ರಾ? ಸಾಲ ಹೇಳ್ಬುಟ್ಟು ಹೋಗ್ತಾರೆ!”

ಮೂವರೂ ಆ ಖಾಲಿ ಗೆರೆಯನ್ನು ನೋಡುತ್ತ ಕೂತರು. ನಾನು ರೂಪಾಲಿಯನ್ನು ನೋಡುತ್ತಿದ್ದೆ. ಆ ನಿಲುವು ನನಗೆ ಚೆನ್ನಾಗಿ ಗೊತ್ತು. ಹೊಸದಾಗಿ ಮದುವೆಯಾದಾಗ ನೆಂಟರಿಗೆ ಬಡಿಸಿ, ಅಡುಗೆಮನೆಯ ಬಾಗಿಲ ಹಿಂದೆ ನಾನೂ ಹಾಗೆಯೇ ನಿಲ್ಲುತ್ತಿದ್ದೆ. ಉಪ್ಪು ಸರಿಯಾಗಿದೆ ಎನ್ನುವರೋ ಇಲ್ಲವೋ ಎಂದು ಕಿವಿಯನ್ನೆಲ್ಲ ಹೊರಗಿಟ್ಟು, ಕಣ್ಣನ್ನು ಮಾತ್ರ ಗೋಡೆಯ ಕಡೆಗಿಟ್ಟು.

ಕೊನೆಗೆ ನಿಮ್ಮಪ್ಪ ಆ ಗೆರೆಯನ್ನು ಖಾಲಿಯಾಗಿಯೇ ಬಿಟ್ಟು ಸಹಿ ಹಾಕಿದರು. ಎಲ್ಲರೂ ಎದ್ದರು. ನಾನು ಏಳಲಿಲ್ಲ.

“ಏಳವ್ವ, ಆಯ್ತಲ್ಲ.”

“ಬಡಿಸ್ದ ಆ ಮಗು ಉಣ್ಲಿ, ಏಳ್ತೀನಿ.”

ನಾನು ಹೀಗೆ ಹೇಳಿದ್ದೇಕೆಂದು ತಿಳಿಯಬೇಕಾದರೆ ನಿಮಗೆ ನನ್ನ ಅತ್ತೆಯನ್ನು ಹೇಳಬೇಕು. ಹೆಗ್ಗದ್ದೆಯ ಮನೆಯಲ್ಲಿ ಅವರ ಮಾತೆಂದರೆ ಮಾತು. ನನ್ನನ್ನು ಒಂದು ದಿನ ಹೊಗಳಿದವರಲ್ಲ. ಸಾರು ಚೆನ್ನಾಗಿದ್ದರೆ ಇನ್ನೊಂದು ಸಲ ಹಾಕಿಸಿಕೊಳ್ಳುವರು, ಅಷ್ಟೇ ಸರ್ಟಿಫಿಕೇಟು. ಆದರೆ ಮನೆಮಂದಿಯೆಲ್ಲ ಉಂಡೆದ್ದ ಮೇಲೂ ಅವರು ಮಾತ್ರ ಮಣೆ ಬಿಟ್ಟು ಏಳುತ್ತಿರಲಿಲ್ಲ. “ನೀನು ಹಾಕ್ಕ. ನೀನು ಉಣ್ಣದೆ ನಾನು ಏಳಾಕಿಲ್ಲ” ಎನ್ನುವರು. ಕೈ ಒಣಗಿದರೂ ಹಾಗೆಯೇ ಕೂತು, ತಾವೇ ನನ್ನ ತಟ್ಟೆಗೆ ಮುದ್ದೆ ಇಟ್ಟು, ಸಾರು ಬಿಟ್ಟು, ನಾನು ಉಂಡು ಮುಗಿಸುವವರೆಗೆ ಇರುವರು. ಊರಿನ ಮದುವೆ ಮನೆಯಲ್ಲೂ ಹೀಗೆಯೇ. ಬಡಿಸಿದವರದು ಕೊನೆಯ ಪಂಕ್ತಿ, ಅವರಿಗೆ ಬಡಿಸುವವರು ಆಗಲೇ ಉಂಡವರು. ಆ ಪಂಕ್ತಿ ಏಳದೆ ನೆಂಟರು ಗಾಡಿ ಹತ್ತುತ್ತಿರಲಿಲ್ಲ. ಅತ್ತೆ ಹೋಗಿ ಎಷ್ಟೋ ಕಾಲವಾಯಿತು. ಆದರೆ ಆ ಹಡಗಿನಲ್ಲಿ ನನ್ನನ್ನು ಕುರ್ಚಿಗೆ ಅಂಟಿಸಿದ್ದು ಅವರೇ.

ರೂಪಾಲಿ ಓಡಿ ಬಂದಳು. ನಾನು ನನ್ನ ತೋಟದ ಹಿಂದಿ ತೆಗೆದೆ. “ಖಾನಾ ಖಾಯಾ?”

ಅವಳು ಬೆರಗಾಗಿ ನನ್ನನ್ನು ನೋಡಿದಳು. ಆಮೇಲೆ ತಲೆಯಾಡಿಸಿ, ಇನ್ನೂ ಇಲ್ಲ, ಆಮೇಲೆ ಎಂದಳು. ನಾನು ಪಕ್ಕದ ಕುರ್ಚಿಯನ್ನು ತಟ್ಟಿ ತೋರಿಸಿದೆ. ಮೇಜಿನ ಮೇಲಿದ್ದ ರೊಟ್ಟಿಯ ಬುಟ್ಟಿಯನ್ನು ಅವಳ ಕಡೆ ಸರಿಸಿದೆ. ಅವಳ ಮುಖ ಬಿಳಿಚಿಕೊಂಡಿತು. ಆಗಲೇ ಕಪ್ಪು ಕೋಟಿನ ಎತ್ತರದ ಮೇಲ್ವಿಚಾರಕ ಬಂದುಬಿಟ್ಟ. ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರ್ ಬಂದರೆ ಆಳುಗಳು ಹೇಗೆ ಸೊಂಟ ನೆಟ್ಟಗೆ ಮಾಡುತ್ತಾರೋ, ಹಾಗೆ ರೂಪಾಲಿ ನೆಟ್ಟಗಾದಳು. ಮುದುಕಿಯೊಬ್ಬಳು ಏಳದೆ ಕೂತು, ಬಡಿಸಿದವಳ ಕಡೆ ಕೈ ತೋರಿಸುತ್ತಿದ್ದಾಳೆ ಎಂದರೆ ಯಾರಿಗಾದರೂ ಏನನ್ನಿಸುತ್ತದೆ? ದೂರು ಎಂದೇ ಅವನು ತಿಳಿದ.

ನಿಮ್ಮಪ್ಪ, “ನೋ ಪ್ರಾಬ್ಲಂ, ನೋ ಪ್ರಾಬ್ಲಂ” ಎಂದು ಅಷ್ಟು ಸಲ ಹೇಳಿದ್ದರಿಂದ ದೊಡ್ಡ ಪ್ರಾಬ್ಲಮ್ಮೇ ಇದೆಯೆಂದು ಅವನಿಗೆ ಖಾತ್ರಿಯಾಯಿತು. ಪುಟ್ಟಸ್ವಾಮಣ್ಣ ಬಿಡಿಸಿ ಹೇಳಲು ಹೋಗಿ, “ಸಾರ್, ಅಜ್ಜಿ ಫುಲ್. ಗರ್ಲ್ ನಾಟ್ ಫುಲ್” ಎಂದ. ಮೇಲ್ವಿಚಾರಕ ನನ್ನ ಮುಂದೆ ಬಗ್ಗಿ ಕ್ಷಮೆ ಕೇಳಿದ. ಯಾಕೆ ಕೇಳಿದನೋ! ಆಮೇಲೆ ರೂಪಾಲಿಯನ್ನು ಕರೆದುಕೊಂಡು ಒಳಗೆ ಹೋದ. ತೂಗುಬಾಗಿಲು ಹಿಂದೆಮುಂದೆ ಆಡಿ ನಿಂತಿತು. ಅವಳು ಮತ್ತೆ ಹೊರಗೆ ಬರಲಿಲ್ಲ.

ನಾನು ಎದ್ದೆ. ಏಳದೆ ಇನ್ನೇನು? ಉಣ್ಣಿಸಲು ಹೋಗಿ ಅವಳ ಅನ್ನಕ್ಕೇ ಕಲ್ಲು ಹಾಕಿದೆನೇನೋ ಎನ್ನಿಸಿತು. ನಿಮ್ಮಮ್ಮ, “ಏನೂ ಆಗಿರಲ್ಲ ಬಾರವ್ವ” ಎಂದಳು. ಅವಳ ದನಿಯಲ್ಲೂ ಧೈರ್ಯವಿರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಕಂಪನಿಯವರ ಮೀಟಿಂಗು. ಹೆಂಗಸರಿಗೆ ಸೀರೆ ಕೊಡುತ್ತಾರೆಂದು ನಿಮ್ಮಮ್ಮನೂ ಹೋದಳು. ನನ್ನನ್ನು ಕೋಣೆಯಲ್ಲಿ ಮಲಗಿಸಿ, “ಎಲ್ಲೂ ಹೋಗ್ಬೇಡ” ಎಂದು ಹೇಳಿ ಹೋದಳು. ಅದರ ಮರುದಿನ ಬೆಳಿಗ್ಗೆ ಹಡಗು ದಡ ಸೇರುವುದಿತ್ತು. ಆಮೇಲೆ ಆ ಹುಡುಗಿಗೆ ಏನಾಯಿತೆಂದು ನನಗೆ ಈ ಜನ್ಮದಲ್ಲಿ ತಿಳಿಯುವ ಹಾಗಿರಲಿಲ್ಲ. ಮಕ್ಕಳೇ, ಪಾಳ್ಯದಲ್ಲಿ ಬಸ್ಸಿನ ಬೋರ್ಡನ್ನು ಓದಲು ಬಂದರೂ ನಾಲ್ಕು ಜನರನ್ನು ಕೇಳಿ ಹತ್ತುವವಳು ನಾನು. ಅದೂ ಹೆಂಗಸರನ್ನು ಮಾತ್ರ ಕೇಳುತ್ತೇನೆ. ಅಂಥವಳು ಎದ್ದು, ಸೀರೆ ಸರಿ ಮಾಡಿಕೊಂಡು, ಊರಿಂದ ತಂದಿದ್ದ ಕಜ್ಜಾಯದ ಪೊಟ್ಟಣವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟೆ.

ಹಡಗಿನ ಓಣಿಗಳೆಲ್ಲ ಒಂದೇ ಥರ. ಆದರೆ ತೋಟದಲ್ಲೂ ಕಾಫಿ ಗಿಡಗಳೆಲ್ಲ ಒಂದೇ ಥರ ಅಲ್ಲವೇ? ಅಲ್ಲಿ ನಾವು ಗಿಡ ನೋಡಿ ದಾರಿ ಹಿಡಿಯುವುದಿಲ್ಲ. ಹಲಸಿನ ಮರ, ಬೈನೆ ಮರ, ಹುತ್ತ ನೋಡಿಕೊಂಡು ಬರುತ್ತೇವೆ. ಹಿಂದಿನ ಸಂಜೆ ನಾನು ಗೋಡೆಯ ಪಟಗಳನ್ನು ಹಾಗೆಯೇ ಗುರುತಿಟ್ಟುಕೊಂಡಿದ್ದೆ. ಕುದುರೆಯ ಪಟದ ಹತ್ತಿರ ತಿರುಗುವುದು, ಟೋಪಿ ಹಾಕಿದ ಹೆಂಗಸಿನ ಪಟದ ಹತ್ತಿರ ಮೆಟ್ಟಿಲು ಹತ್ತುವುದು. ಲಿಫ್ಟಿಗೆ ಒಬ್ಬಳೇ ಹೋಗುವ ಧೈರ್ಯ ಇರಲಿಲ್ಲ. ಮೆಟ್ಟಿಲು ಹತ್ತುತ್ತ ಕಿಟಕಿಯಲ್ಲಿ ಸಮುದ್ರ ಕಂಡಿತು. ಇಷ್ಟು ದೊಡ್ಡ ನೀರಿನ ನಡುವೆ, ಇಷ್ಟು ದೊಡ್ಡ ಹಡಗಿನೊಳಗೆ, ನಾನೊಬ್ಬಳೇ, ಯಾರ ಜೊತೆಯೂ ಇಲ್ಲದೆ ಒಂದು ಕೆಲಸಕ್ಕೆ ಹೋಗುತ್ತಿದ್ದೇನೆ ಎಂದು ಆಗ ಹೊಳೆಯಿತು. ಮೆಟ್ಟಿಲಿನ ಕಂಬಿ ಗಟ್ಟಿಯಾಗಿ ಹಿಡಿದೆ. ಆದರೆ ನಿಲ್ಲಲಿಲ್ಲ.

ಹೋಟೆಲಿನ ಬಾಗಿಲು ಅರೆ ತೆರೆದಿತ್ತು. ಗಿರಾಕಿಗಳಿಲ್ಲದ ಹೊತ್ತು. ಉದ್ದನೆಯ ಮೇಜಿನ ಸುತ್ತ ಹುಡುಗಿಯರು ಕೂತು ಆ ಬಿಳಿ ಬಟ್ಟೆಗಳನ್ನು ಮಡಿಸುತ್ತಿದ್ದರು. ಅವರ ನಡುವೆ ರೂಪಾಲಿ! ನನಗೆ ಉಸಿರು ಬಂತು.

“ಸಾಬ್ ಗುಸ್ಸಾ?” ಎಂದೆ, ಸಾಹೇಬರಿಗೆ ಸಿಟ್ಟು ಬಂತೇ ಎಂದು, ಬಾಗಿಲಲ್ಲೇ ನಿಂತು.

ಅವಳು ಎದ್ದು ಬಂದು, ನಗುತ್ತ ಏನೇನೋ ಹೇಳಿದಳು. ಅಷ್ಟು ಉದ್ದದ ಹಿಂದಿ ನನಗೆ ತಿಳಿಯಲಿಲ್ಲ. ಮುಖ ಮಾತ್ರ ತಿಳಿಯಿತು, ಬೈಸಿಕೊಂಡವರ ಮುಖವಲ್ಲ. ನಾನು ಹಾಗೇ ವಾಪಸು ಬರಬಹುದಿತ್ತು. ಆದರೆ ಮೇಜಿನ ಮೇಲೆ ಮಡಿಸದ ಬಟ್ಟೆಯ ಅಷ್ಟು ದೊಡ್ಡ ರಾಶಿ ಬಿದ್ದಿತ್ತು. ಕೈ ಸುಮ್ಮನಿರಬೇಕಲ್ಲ!

ನೀವು ಕಂಡಿಲ್ಲ. ನಾಟಿಯ ಕಾಲದಲ್ಲಿ ಮೊದಲೆಲ್ಲ ಎಲ್ಲದಕ್ಕೂ ಕೂಲಿ ಕೊಡುತ್ತಿರಲಿಲ್ಲ. ಇವತ್ತು ನಿಮ್ಮ ಗದ್ದೆಗೆ ನಾನು ಬಂದರೆ, ನಾಳೆ ನನ್ನ ಗದ್ದೆಗೆ ನೀವು ಬರಬೇಕು. ಅದಕ್ಕೆ ಮುಯ್ಯಾಳು ಎಂದು ಹೆಸರು. ಅದರಲ್ಲಿ ಒಂದು ಸೊಗಸು ಏನೆಂದರೆ, ಲೆಕ್ಕ ಯಾವತ್ತೂ ಸರಿಯಾಗಿ ಚುಕ್ತಾ ಆಗುತ್ತಿರಲಿಲ್ಲ. ಯಾರದ್ದೋ ಅರ್ಧ ದಿನ ಹೆಚ್ಚು, ಇನ್ಯಾರದ್ದೋ ಸಂಜೆಯ ಒಂದು ಕಟ್ಟು ಸಸಿ ಕಡಿಮೆ. ಆ ಉಳಿಕೆಗಾಗಿ ಮುಂದಿನ ವರ್ಷವೂ ಒಬ್ಬರು ಇನ್ನೊಬ್ಬರ ಮನೆಗೆ ಹೋಗಬೇಕಾಗುತ್ತಿತ್ತು. ಬಿಲ್ಲಿನ ಆ ಖಾಲಿ ಗೆರೆಯೂ ಇಂಥದ್ದೇ ಉಳಿಕೆ ಇರಬಹುದೇ ಎಂದು ನನಗೆ ಆಗ ಅನ್ನಿಸಿತು. ಗೆರೆಯ ಮೇಲಿನದು ಊಟದ ಲೆಕ್ಕ. ಗೆರೆಯಲ್ಲಿ ಬರೆಯಬೇಕಾದದ್ದು ನಿನ್ನನ್ನು ನೋಡಿದೆ ಎನ್ನುವ ಮಾತು.

ನಾನು ಕುರ್ಚಿ ಎಳೆದು ಕೂತು ಒಂದು ಬಟ್ಟೆ ತೆಗೆದುಕೊಂಡೆ. ಹುಡುಗಿಯರೆಲ್ಲ ಬೇಡ ಬೇಡ ಎಂದರು. ಎಷ್ಟೋ ಭಾಷೆಯಲ್ಲಿ ಎಂದರು. ಭಾಷೆ ಬಾರದಿರುವುದು ಇಂಥ ಹೊತ್ತಿನಲ್ಲಿ ಬಹಳ ಅನುಕೂಲ. ನನ್ನ ಮೊದಲ ತಾವರೆ ಎಲೆಕೋಸಿನ ಹಾಗೆ ಬಂತು. ಎರಡನೆಯದು ನಿಲ್ಲಲೇ ಇಲ್ಲ. ರೂಪಾಲಿ ನನ್ನ ಬೆರಳು ಹಿಡಿದು, ಎಲ್ಲಿ ಒತ್ತಬೇಕು, ಎಲ್ಲಿ ಎಳೆಯಬೇಕು ಎಂದು ತೋರಿಸಿದಳು. ಮೂರನೆಯದು ಮೊಗ್ಗಾಯಿತು. ನಾನು ಮಡಿಸಿದ ಹೂವನ್ನು ಇವತ್ತು ಸಂಜೆ ಯಾವ ಊರಿನವರು ಮಡಿಲಿಗೆ ಹಾಸಿಕೊಳ್ಳುತ್ತಾರೋ ಎಂದು ನೆನೆದು ನನಗೆ ಆಶ್ಚರ್ಯವಾಯಿತು.

ಆಮೇಲೆ ನನ್ನ ವಿದ್ಯೆಯನ್ನೂ ತೋರಿಸಬೇಡವೇ? ಒಂದು ಬಟ್ಟೆಯನ್ನು ಹುರಿ ಮಾಡಿ ಸುತ್ತಿ, ತಲೆಯ ಮೇಲೆ ಕೊಡ ಇಡುವ ಸಿಂಬಿ ಮಾಡಿದೆ. ಉಳಿದವರು ಅದೇನೆಂದು ತಿಳಿಯದೆ ನೋಡಿದರು. ರೂಪಾಲಿ ಮಾತ್ರ ಅದನ್ನು ತೆಗೆದು ತನ್ನ ತಲೆಯ ಮೇಲಿಟ್ಟುಕೊಂಡು, ಕತ್ತು ಅಲುಗಿಸದೆ, ಕಾಣದ ಕೊಡವೊಂದನ್ನು ಹೊತ್ತು ಹೋಟೆಲಿನ ಆ ತುದಿಯವರೆಗೆ ನಡೆದು ಬಂದಳು. “ಮಾ” ಎಂದು ತೋರಿಸಿದಳು. ಅವಳ ಅಮ್ಮ ಹೀಗೆ ನಡೆಯುತ್ತಾಳಂತೆ.

ಅಷ್ಟರಲ್ಲಿ ಯಾರೋ ಅವರಿಗೆಲ್ಲ ಟೀ ತಂದರು. ನಾನು ಸೆರಗಿನಿಂದ ಪೊಟ್ಟಣ ಬಿಚ್ಚಿದೆ. ಎದ್ದು ನಿಂತು, ಪಂಕ್ತಿಯಲ್ಲಿ ಬಡಿಸುವ ಹಾಗೆಯೇ, ಎಲ್ಲರಿಗೂ ಒಂದೊಂದು ಕಜ್ಜಾಯ ಇಡುತ್ತ ಬಂದೆ. ರೂಪಾಲಿಗೆ ಎರಡು. ಅವಳು ಸಾಕು ಎಂದು ಕೈ ಅಡ್ಡ ಹಿಡಿದಳು. ಸಾಕು ಎಂದವರಿಗೆ ಹಾಕದಿದ್ದರೆ ಅದು ಬಡಿಸಿದ ಹಾಗೆಯೇ ಅಲ್ಲ, ಕೈ ಸರಿಸಿ ಮೂರನೆಯದನ್ನೂ ಇಟ್ಟೆ. ಅವಳು ತಿಂದಳು. ನಾನು ಎದುರಿಗೆ ಕೂತು ನೋಡಿದೆ. ನಮ್ಮ ಅತ್ತೆ ಆ ಮಣೆಯ ಮೇಲೆ ಕೂತು ಏನು ನೋಡುತ್ತಿದ್ದರು ಎಂದು ಅಷ್ಟು ವರ್ಷದ ಮೇಲೆ ನನಗೆ ಕಂಡಿತು. ಹಸಿದವರು ತಿನ್ನುವುದನ್ನು ನೋಡುವುದು ಸಮುದ್ರ ನೋಡಿದಷ್ಟೇ ದೊಡ್ಡದು.

“ಅವ್ವಾ!”

ಬಾಗಿಲಲ್ಲಿ ನಿಮ್ಮಮ್ಮ. ಕೈಯಲ್ಲಿ ಕಂಪನಿಯ ಸೀರೆ, ಮೈಯೆಲ್ಲ ಬೆವರು. “ಎಲ್ಲೆಲ್ಲಿ ಹುಡುಕ್ಲಿ ನಿನ್ನ! ನೀರಿಗೆ ಬಿದ್ಬುಟ್ಟೆಯೇನೋ ಅಂತ ನನ್ನ ಜೀವ ಬಾಯಿಗೆ ಬಂದಿತ್ತು. ಇಲ್ಲಿ ಬಂದು ಕೆಲಸಕ್ಕೆ ಸೇರ್ಕಂಡೀಯ?”

“ಕೂಗ್ಬೇಡ ಕಣೇ, ಅವಳು ತಿಂತಾವ್ಳೆ” ಎಂದೆ.

ಆಮೇಲೆ ನಿಮ್ಮಮ್ಮನೇ ಕೂತು ರೂಪಾಲಿಯನ್ನು ಕೇಳಿ ನನಗೆ ಹೇಳಿದಳು. ಹಿಂದಿನ ಸಂಜೆ ಮೇಲ್ವಿಚಾರಕ ಒಳಗೆ ಕರೆದುಕೊಂಡು ಹೋಗಿ, ಅಮ್ಮನವರ ದೂರು ಏನು ಎಂದು ಕೇಳಿದನಂತೆ. ತಾನು ಇನ್ನೂ ಉಂಡಿಲ್ಲ ಎಂಬುದೇ ಅಮ್ಮನವರ ದೂರು ಎಂದಳಂತೆ ಇವಳು. ಅವನು ತುಂಬ ಹೊತ್ತು ಯೋಚಿಸಿದನಂತೆ. ಉಪ್ಪಿನ ಮೇಲೆ ದೂರು ಬಂದರೆ ಅಡುಗೆಯವರಿಗೆ ಹೇಳಬಹುದು, ಸೆಕೆಯ ಮೇಲೆ ಬಂದರೆ ಮೆಕ್ಯಾನಿಕ್ಕಿಗೆ ಹೇಳಬಹುದು, ಈ ದೂರನ್ನು ಯಾರಿಗೆ ಹೇಳುವುದು? ಕೊನೆಗೆ, ಹೋಗಿ ಮೊದಲು ಉಂಡು ಬಾ, ಇಲ್ಲದಿದ್ದರೆ ಆಕೆ ಮತ್ತೆ ಬರುತ್ತಾಳೆ ಎಂದು ಕಳುಹಿಸಿದನಂತೆ. ಅದಕ್ಕೇ ಅವಳು ಹೊರಗೆ ಬರಲಿಲ್ಲ. ಉಣ್ಣುತ್ತಿದ್ದಳು! ನಾನು ಇಡೀ ರಾತ್ರಿ ಕೊರಗುತ್ತಿದ್ದ ಹೊತ್ತಿನಲ್ಲಿ ಅವಳು ಬಿಸಿ ಅನ್ನ ಉಂಡು ಮಲಗಿದ್ದಳು.

ಹೊರಡುವಾಗ ನಿಮ್ಮಮ್ಮ ಪರ್ಸಿನಿಂದ ನೋಟು ತೆಗೆದು ನನ್ನ ಕೈಗೆ ಕೊಟ್ಟಳು. “ನೀನೇ ಕೊಡವ್ವ. ಕಜ್ಜಾಯದಲ್ಲಿ ಅವಳ ಮನೆ ನಡೆಯಲ್ಲ” ಎಂದಳು. ನಿಜ. ಬಟ್ಟೆ ಮಡಿಸಿದ್ದು ನನ್ನ ಸಮಾಧಾನಕ್ಕೆ, ಅವಳ ಮನೆಗೆ ಬೇಕಾದದ್ದು ನೋಟು. ಇದನ್ನು ಮರೆತು ಬರೀ ಪ್ರೀತಿ ತೋರಿಸಿ ಬರುವವರನ್ನು ನಾನು ನೋಡಿದ್ದೇನೆ, ಅವರ ಸಾಲಿಗೆ ಸೇರಬಾರದು. ನಾನು ಬಲಗೈಯಲ್ಲಿ ನೋಟು ಹಿಡಿದು, ಎಡಗೈಯನ್ನು ಬಲ ಮೊಣಕೈಗೆ ತಾಗಿಸಿ, ನಮ್ಮ ಕಡೆ ಕೊಡುವ ಹಾಗೆ ಕೊಟ್ಟೆ. ಅವಳು ತನ್ನ ಎಡಗೈಯನ್ನು ತನ್ನ ಬಲ ಮೊಣಕೈಗೆ ತಾಗಿಸಿ ತೆಗೆದುಕೊಂಡಳು.

ಇದನ್ನು ಅವಳಿಗೆ ಯಾರು ಕಲಿಸಿದರು? 

ನಾನು ಹಡಗಿನಲ್ಲಿ ದಡವಿಲ್ಲದ ನೀರು ನೋಡಿದೆ, ಮುಳುಗದ ಊರು ನೋಡಿದೆ. ಆದರೆ ಆ ಎರಡು ಮೊಣಕೈ ನೋಡಿ ಬೆರಗಾದಷ್ಟು ಯಾವುದಕ್ಕೂ ಆಗಲಿಲ್ಲ. ಅಸ್ಸಾಮಿನ ಯಾವುದೋ ಊರಿನಲ್ಲಿ ಒಬ್ಬ ಅಜ್ಜಿ, ಹೆಗ್ಗದ್ದೆಯಲ್ಲಿ ನಮ್ಮ ಅತ್ತೆ, ಒಬ್ಬರನ್ನೊಬ್ಬರು ಕಾಣದೆ ಒಂದೇ ಪಾಠ ಹೇಳಿಕೊಟ್ಟಿದ್ದರು.

ನಮ್ಮ ತೋಟದ ವಿಷಯ ಕೇಳಿದ ರೂಪಾಲಿ ನಿಮ್ಮಮ್ಮನ ಹತ್ತಿರ, ಅಜ್ಜಿ ಮಡಿಸಿದ ಬಟ್ಟೆಗಳಿಗೆ ಬದಲಾಗಿ ಕಾಫಿ ಕುಯ್ಯಲು ಒಂದು ದಿನ ಬರುತ್ತೇನೆ ಎಂದು ಹೇಳಿದಳಂತೆ. ಬರುವಳೋ ಇಲ್ಲವೋ. ಬರದಿದ್ದರೂ ಆ ಉಳಿಕೆ ನಮ್ಮಿಬ್ಬರ ನಡುವೆ ಇರಲಿ.

ಮಕ್ಕಳೇ, ನೀವು ದೊಡ್ಡವರಾಗಿ ಎಂಥೆಂಥ ಹೋಟೆಲಿಗೋ ಹೋಗುತ್ತೀರಿ. ಬಿಲ್ಲಿನಲ್ಲಿ ಸೇರಿದೆಯೇ ಇಲ್ಲವೇ ಎಂದು ಪಂಚಾಯಿತಿ ಮಾಡಬೇಡಿ. ಕೊಡಿ. ಸಾಧ್ಯವಾದರೆ ಕೈಯಲ್ಲೇ ಕೊಡಿ, ಮುಖ ನೋಡಿ ಕೊಡಿ. ಕುರ್ಚಿ ಬಿಟ್ಟು ಏಳದೆ ಮಾತ್ರ ಕೂರಬೇಡಿ. ನಿಮ್ಮಮ್ಮನಿಗೆ ಇನ್ನೊಬ್ಬರನ್ನು ಹುಡುಕುವ ಶಕ್ತಿ ಇಲ್ಲ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ನೀವು ಓದಿನ ಕೋಣೆಗೆ ಹೋದಮೇಲೆ ನಡೆಯುವುದರಿಂದ ನಿಮಗೆ ಗೊತ್ತಿರಲಾರದು. ಮೊನ್ನೆ ರಾತ್ರಿ ಊಟ ಮುಗಿಸಿದ ನಿಮ್ಮಪ್ಪ ಏಳಲಿಲ್ಲ. ಫೋನು ನೋಡುತ್ತ ಅಲ್ಲೇ ಕೂತಿದ್ದರು. ನಿಮ್ಮಮ್ಮ ತಟ್ಟೆ ಹಾಕಿಕೊಂಡು ಕೂತು, “ಏನ್ರೀ, ಕೈ ತೊಳೆಯಲ್ವಾ?” ಎಂದಳು.

“ನೀನು ಉಣ್ಣು, ಏಳ್ತೀನಿ.”

“ಓಹೋ! ಬಿಲ್ಲಲ್ಲೇ ಸೇರೈತಲ್ಲ, ಮತ್ತೇನಿದು ಮ್ಯಾಲೆ?”

ನಿಮ್ಮಪ್ಪ ಫೋನು ಕೆಳಗಿಟ್ಟರು. ಸಾರಿನ ಪಾತ್ರೆ ಹತ್ತಿರಕ್ಕೆ ಎಳೆದುಕೊಂಡು, ಸೌಟು ಎತ್ತಿ, ಅವಳ ತಟ್ಟೆಗೆ ಬಡಿಸಿದರು. ಅನ್ನ ತೇಲಿ ಹೋಗುವಷ್ಟು ಸಾರು, ಅದರಲ್ಲಿ ಅರ್ಧ ನೆಲದ ಮೇಲೆ. ನಾನು ಬಾಗಿಲ ಹಿಂದೆ ನಿಂತು ನೋಡಿ ಸುಮ್ಮನಾದೆ. ರೂಪಾಲಿಯ ಕೈಯೂ ಒಂದೇ ದಿನಕ್ಕೆ ಪಳಗಿರಲಿಕ್ಕಿಲ್ಲ.